ಸ್ಟೇಟ್ ಮತ್ತು ಸೈಡ್ ಎಫೆಕ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಂಟ್-ಎಂಡ್ ಕೆಲಸ ಮಾಡುವವರು ಮಾತಿನಲ್ಲಿ, ಮೇಲ್‌ನಲ್ಲಿ, ಕಾಮೆಂಟ್‌ನಲ್ಲಿ ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯವು, ಯಾಕೆಂದರೆ ಪ್ರಶ್ನೆ ಜಾಸ್ತಿ ಬರುವುದು ಆ ಕಡೆಯಿಂದಲೇ. ವ್ಯೂ, ಸ್ವೆಲ್ಟ್, ಆಂಗ್ಯುಲರ್ ಬಳಸುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ. ಹೊಂದದ ಕಡೆ ಹೇಳಿದ್ದೇನೆ. ಎಲ್ಲವನ್ನೂ ಸಾಲಾಗಿ ಓದಬೇಕಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

## ಶುರುವಿನ ಪ್ರಶ್ನೆಗಳು

ಸ್ಟೇಟ್ ಅಂದ್ರೆ ಒಂದು ವೇರಿಯಬಲ್ ತಾನೇ? ಅದಕ್ಕೆ ಯಾಕಿಷ್ಟು ಗಲಾಟೆ?

ವೇರಿಯಬಲ್ಲೇ, ಆ್ಯಪ್ ಈ ಕ್ಷಣ ನೆನಪಿಟ್ಟುಕೊಂಡಿರುವ ಡೇಟಾ. ಆದರೆ ಅದು ಬದಲಾದ ಕೂಡಲೇ ಅದನ್ನು ತೋರಿಸುತ್ತಿರುವ ಎಲ್ಲಾ ಜಾಗಗಳೂ ಬದಲಾಗಬೇಕು, ಕಷ್ಟ ಇರುವುದು ಅಲ್ಲಿ. ಒಂದು ಚಾಟ್ ಆ್ಯಪ್ ತೆಗೆದುಕೊಳ್ಳಿ. ಓದದ ಸಂದೇಶ ಎಷ್ಟಿವೆ ಎಂಬುದು ಮೇಲಿನ ಪಟ್ಟಿಯಲ್ಲಿದೆ, ಪಕ್ಕದ ಲಿಸ್ಟಿನಲ್ಲಿದೆ, ಟ್ಯಾಬ್‌ನ ಹೆಸರಿನಲ್ಲೂ ಇದೆ. ಜೆಕ್ವೆರಿ ಎಂಬ ಹಳೇ ಲೈಬ್ರರಿಯ ಕಾಲದಲ್ಲಿ ಈ ಮೂರನ್ನೂ ಕೈಯಾರೆ ತಿದ್ದಬೇಕಿತ್ತು. ಒಂದನ್ನು ಮರೆತರೆ ಮೇಲೆ 3 ಅಂತ ಕಾಣುತ್ತದೆ, ಒಳಗೆ ಹೋದರೆ ಒಂದೂ ಇರುವುದಿಲ್ಲ. ಫೇಸ್‌ಬುಕ್ ತಂಡ 2014ರಲ್ಲಿ ಫ್ಲಕ್ಸ್ ಎಂಬ ವಿನ್ಯಾಸವನ್ನು ಜನರ ಮುಂದಿಟ್ಟಾಗ ಕೊಟ್ಟ ಉದಾಹರಣೆಯೂ ಇದೇ, ಓದದ ಸಂದೇಶದ ಲೆಕ್ಕ ಮತ್ತೆ ಮತ್ತೆ ತಪ್ಪುತ್ತಿದ್ದುದು.

ಈಗಿನ ಫ್ರೇಮ್‌ವರ್ಕ್‌ಗಳು ಸ್ಟೇಟ್‌ನಿಂದ ಪರದೆಯನ್ನು ತಾವೇ ಕಟ್ಟಿಕೊಡುತ್ತವೆ. ನೀವು ಸ್ಟೇಟ್ ಸರಿಯಾಗಿಟ್ಟುಕೊಂಡರೆ ಸಾಕು. ಆ "ಸರಿಯಾಗಿ" ಎಂಬುದರ ಸುತ್ತಲೇ ಮುಂದಿನ ಪ್ರಶ್ನೆಗಳೆಲ್ಲ ಇವೆ.

ಸೈಡ್ ಎಫೆಕ್ಟ್ ಅಂತ ಯಾವುದಕ್ಕೆ ಹೇಳ್ತಾರೆ? ಕನ್ಸೋಲ್ ಲಾಗ್ ಕೂಡ ಸೈಡ್ ಎಫೆಕ್ಟಾ?

ಹೌದು, ಕಟ್ಟುನಿಟ್ಟಾಗಿ ನೋಡಿದರೆ ಅದೂ ಹೌದು. ಒಂದು ಫಂಕ್ಷನ್ ಇನ್‌ಪುಟ್ ತಗೊಂಡು ಉತ್ತರ ಕೊಟ್ಟು ಸುಮ್ಮನಿದ್ದರೆ ಅದು ಪ್ಯೂರ್. ಉತ್ತರ ಕೊಡುವುದರ ಜೊತೆಗೆ ಹೊರಗಿನ ಏನನ್ನಾದರೂ ಮುಟ್ಟಿದರೆ ಅದು ಸೈಡ್ ಎಫೆಕ್ಟ್: ಸರ್ವರ್‌ಗೆ ರಿಕ್ವೆಸ್ಟ್, ಲೋಕಲ್‌ಸ್ಟೋರೇಜ್‌ಗೆ (ಬ್ರೌಸರ್‌ನೊಳಗಿನ ಸಂಗ್ರಹಕ್ಕೆ) ಬರೆಯುವುದು, ಟೈಮರ್ ಹಚ್ಚುವುದು, ಪುಟದ ಟೈಟಲ್ ಬದಲಿಸುವುದು, ವೆಬ್‌ಸಾಕೆಟ್ (ಸರ್ವರ್ ಜೊತೆ ತೆರೆದೇ ಇರುವ ಸಂಪರ್ಕ) ತೆರೆಯುವುದು.

ಸೈಡ್ ಎಫೆಕ್ಟ್ ಕೆಟ್ಟದ್ದೇನಲ್ಲ. ಅದಿಲ್ಲದೆ ಆ್ಯಪ್ ಯಾವ ಕೆಲಸಕ್ಕೂ ಬಾರದು. ತೊಂದರೆ ಆಗುವುದು ಅದು ರೆಂಡರ್ (ಪರದೆ ಹೇಗಿರಬೇಕೆಂದು ಸ್ಟೇಟ್‌ನಿಂದ ಲೆಕ್ಕ ಹಾಕುವುದು) ನಡೆಯುವಾಗ ಆದರೆ ಮಾತ್ರ. ಒಂದು ಕಾಂಪೊನೆಂಟ್ (ಪರದೆಯ ಒಂದು ತುಣುಕನ್ನು ಕಟ್ಟುವ ಕೋಡ್) ಎಷ್ಟು ಸಲ ರೆಂಡರ್ ಆಗುತ್ತದೆ, ಯಾವಾಗ ಆಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ರಿಯಾಕ್ಟ್ 18ರಿಂದೀಚೆಗೆ ರೆಂಡರ್ ಶುರುವಾಗಿ ಅರ್ಧಕ್ಕೇ ಬಿಟ್ಟುಹೋಗಲೂಬಹುದು. ಹಾಗಿರುವಾಗ ರೆಂಡರ್ ಒಳಗೆ ಆರ್ಡರ್ ಕಳಿಸುವ ರಿಕ್ವೆಸ್ಟ್ ಇಟ್ಟರೆ ಎಷ್ಟು ಆರ್ಡರ್ ಹೋದವು ಅಂತ ಯಾರಿಗೆ ಗೊತ್ತು?

ಅರೇಗೆ ಪುಶ್ ಮಾಡಿದೆ, ಕನ್ಸೋಲ್‌ನಲ್ಲಿ ಕಾಣುತ್ತೆ, ಪರದೆ ಮಾತ್ರ ಬದಲಾಗ್ತಿಲ್ಲ!

ರಿಯಾಕ್ಟ್ ಹಳೇ ಸ್ಟೇಟ್ ಮತ್ತು ಹೊಸ ಸ್ಟೇಟ್ ಎರಡನ್ನೂ ಆಬ್ಜೆಕ್ಟ್ ಡಾಟ್ ಈಸ್ ಮೂಲಕ ಹೋಲಿಸುತ್ತದೆ. ಒಳಗೆ ಏನಿದೆ ಅಂತ ನೋಡುವುದಿಲ್ಲ, ಅದೇ ಆಬ್ಜೆಕ್ಟಾ ಬೇರೆಯಾ ಅಂತಷ್ಟೇ ನೋಡುತ್ತದೆ. ನೀವು ಪುಶ್ ಮಾಡಿ ಅದೇ ಅರೇಯನ್ನು ವಾಪಸ್ ಕೊಟ್ಟಿರಿ, ಅದು "ಏನೂ ಬದಲಾಗಿಲ್ಲ" ಅಂದುಕೊಂಡಿತು. ಸ್ಪ್ರೆಡ್ (ಮೂರು ಚುಕ್ಕಿ) ಬಳಸಿ ಹೊಸ ಅರೇ ಮಾಡಿ ಕೊಡಿ. ಆಬ್ಜೆಕ್ಟ್ ಒಳಗೆ ಆಬ್ಜೆಕ್ಟ್ ಇದ್ದು ಆಳದಲ್ಲಿ ಬದಲಿಸಬೇಕಾದಾಗ ಇಮ್ಮರ್ ಲೈಬ್ರರಿ ಹಾಯೆನಿಸುತ್ತದೆ, ನೇರವಾಗಿ ಬದಲಿಸಿದ ಹಾಗೆಯೇ ಬರೆಯಬಹುದು, ಹೊಸ ಕಾಪಿ ಅದೇ ಮಾಡಿಕೊಡುತ್ತದೆ.

ವ್ಯೂ 3 ಮತ್ತು ಸ್ವೆಲ್ಟ್ 5ರಲ್ಲಿ ಈ ಗೋಳಿಲ್ಲ. ಅವು ಆಬ್ಜೆಕ್ಟ್‌ನ ಸುತ್ತ ಪ್ರಾಕ್ಸಿ ಎಂಬ ಕಾವಲು ಇಟ್ಟು ಒಳಗಿನ ಬದಲಾವಣೆಯನ್ನೂ ಗಮನಿಸುತ್ತವೆ.

ಸ್ಟೇಟ್ ಸೆಟ್ ಮಾಡಿದ ಮುಂದಿನ ಸಾಲಿನಲ್ಲೇ ಓದಿದ್ರೆ ಹಳೇ ವ್ಯಾಲ್ಯೂ ಯಾಕೆ ಬರುತ್ತೆ?

ಸೆಟ್ ಮಾಡುವುದು ಅಂದರೆ "ಮುಂದಿನ ರೆಂಡರ್‌ಗೆ ಈ ವ್ಯಾಲ್ಯೂ ಬೇಕು" ಅಂತ ಕೇಳಿಕೊಳ್ಳುವುದು. ಈಗ ಓಡುತ್ತಿರುವ ಫಂಕ್ಷನ್ ಹಿಡಿದಿರುವುದು ಈ ರೆಂಡರ್‌ನ ವ್ಯಾಲ್ಯೂ, ಅದು ಕೊನೆಯವರೆಗೂ ಹಾಗೇ ಇರುತ್ತದೆ. ಆದ್ದರಿಂದಲೇ ಒಂದೇ ಕ್ಲಿಕ್‌ನಲ್ಲಿ "ಕೌಂಟ್ ಪ್ಲಸ್ ಒಂದು" ಅಂತ ಮೂರು ಸಲ ಸೆಟ್ ಮಾಡಿದರೂ ಒಂದೇ ಹೆಚ್ಚುತ್ತದೆ. ಹಳೇ ವ್ಯಾಲ್ಯೂ ಆಧರಿಸಿ ಹೊಸದು ಬೇಕಾದರೆ ಸೆಟ್ ಫಂಕ್ಷನ್‌ಗೆ ಒಂದು ಫಂಕ್ಷನ್ ಕೊಡಿ, ಅದಕ್ಕೆ ತೀರಾ ಇತ್ತೀಚಿನ ವ್ಯಾಲ್ಯೂ ಸಿಗುತ್ತದೆ. ಮುಂದಿನ ಸಾಲಿನಲ್ಲಿ ಹೊಸ ವ್ಯಾಲ್ಯೂ ಬೇಕೇ ಬೇಕು ಅಂದರೆ ಅದನ್ನು ಮೊದಲು ಒಂದು ಸಾಮಾನ್ಯ ವೇರಿಯಬಲ್‌ನಲ್ಲಿ ಹಿಡಿದು, ಅದನ್ನೇ ಎರಡೂ ಕಡೆ ಬಳಸಿ.

ಯಾವುದನ್ನ ಸ್ಟೇಟ್‌ನಲ್ಲಿ ಇಡಬೇಕು, ಯಾವುದನ್ನ ಇಡಬಾರದು?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದು. ಲೈಬ್ರರಿ ಯಾವುದು ಅನ್ನುವುದು ಆಮೇಲಿನ ಮಾತು. ಸ್ಟೇಟ್‌ನ ಬಗ್‌ಗಳು ಬಹುಪಾಲು ಹುಟ್ಟುವುದು ಇಡಬೇಕಾಗಿಯೇ ಇರದಿದ್ದನ್ನು ಇಟ್ಟುಕೊಂಡಿದ್ದರಿಂದ.

ಬೇರೆ ಸ್ಟೇಟ್‌ನಿಂದ ಲೆಕ್ಕ ಹಾಕಿ ತೆಗೆಯಬಹುದಾದ್ದನ್ನು ಇಡಬೇಡಿ. ಕಾರ್ಟ್‌ನಲ್ಲಿರುವ ವಸ್ತುಗಳ ಪಟ್ಟಿ ಇದ್ದರೆ ಒಟ್ಟು ಮೊತ್ತ ಅದರೊಳಗೇ ಇದೆ. ಮೊತ್ತವನ್ನು ಬೇರೆ ಸ್ಟೇಟ್ ಮಾಡಿದ ದಿನದಿಂದ ಎರಡನ್ನೂ ಜೊತೆಯಲ್ಲಿ ಬದಲಿಸುವ ಜವಾಬ್ದಾರಿ ನಿಮ್ಮ ತಲೆ ಮೇಲೆ. ಫಿಲ್ಟರ್ ಆದ ಪಟ್ಟಿಯೂ ಅಷ್ಟೇ, "ಫಾರ್ಮ್ ಸರಿಯಾಗಿದೆಯಾ" ಎಂಬ ಬೂಲಿಯನ್ನೂ ಅಷ್ಟೇ. ಲೆಕ್ಕ ನಿಜವಾಗಿಯೂ ಭಾರವಾಗಿದ್ದರೆ ಉತ್ತರವನ್ನು ನೆನಪಿಟ್ಟುಕೊಳ್ಳುವ ಯೂಸ್‌ಮೆಮೊ ಇದೆ, ವ್ಯೂನಲ್ಲಿ ಕಂಪ್ಯೂಟೆಡ್ ಇದೆ. ಕೆಲವು ನೂರು ಸಾಲುಗಳ ಫಿಲ್ಟರ್‌ಗೆ ಅದೂ ಬೇಡ.

ಆಯ್ಕೆ ಮಾಡಿದ ವಸ್ತುವನ್ನು ಇಡೀ ಆಬ್ಜೆಕ್ಟ್ ಆಗಿ ಇಡಬೇಡಿ, ಅದರ ಐಡಿ ಮಾತ್ರ ಇಡಿ. ಇಲ್ಲವಾದರೆ ಪಟ್ಟಿಯಲ್ಲಿ ಹೆಸರು ತಿದ್ದಿದ ಮೇಲೂ ಪಕ್ಕದ ವಿವರದಲ್ಲಿ ಹಳೇ ಹೆಸರೇ ನಿಂತಿರುತ್ತದೆ. ಪ್ರಾಪ್ಸ್‌ನಲ್ಲಿ (ಮೇಲಿನ ಕಾಂಪೊನೆಂಟ್ ಕಳಿಸುವ ವ್ಯಾಲ್ಯೂಗಳಲ್ಲಿ) ಬಂದಿದ್ದನ್ನು ಸ್ಟೇಟ್‌ಗೆ ಕಾಪಿ ಮಾಡುವುದೂ ಇದೇ ಜಾತಿಯ ತಪ್ಪು. ಇನ್ನು ಪರದೆಯ ಮೇಲೆ ಕಾಣಿಸಬೇಕಿಲ್ಲದ್ದು, ಉದಾಹರಣೆಗೆ ಟೈಮರ್‌ನ ಐಡಿ, ರೆಫ್‌ನಲ್ಲಿರಲಿ, ಅದು ಬದಲಾದರೂ ರೆಂಡರ್ ಆಗುವುದಿಲ್ಲ.

ಇಷ್ಟೆಲ್ಲ ತೆಗೆದ ಮೇಲೆ ಉಳಿದಿದ್ದು ಯಾರದು ಅಂತ ಕೇಳಿ. ಸರ್ವರ್‌ನದಾ, ಯುಆರ್‌ಎಲ್‌ನದಾ, ಫಾರ್ಮ್‌ನದಾ, ಇಲ್ಲಾ ಬರೀ ಈ ಕಾಂಪೊನೆಂಟಿನದಾ? ಮೆನು ತೆರೆದಿದೆಯಾ ಎಂಬುದನ್ನು ಇಡೀ ಆ್ಯಪ್‌ನ ಸ್ಟೋರ್‌ನಲ್ಲಿ (ಎಲ್ಲಾ ಕಾಂಪೊನೆಂಟ್‌ಗಳೂ ಹಂಚಿಕೊಳ್ಳುವ ಸ್ಟೇಟ್‌ನಲ್ಲಿ) ಇಡುವ ಅಗತ್ಯ ಯಾರಿಗೂ ಇಲ್ಲ, ಆದರೂ ತುಂಬಾ ಕೋಡ್‌ಗಳಲ್ಲಿ ಅದು ಅಲ್ಲಿರುತ್ತದೆ.

## ಎಫೆಕ್ಟ್‌ಗಳ ಬಗ್ಗೆ

ಯೂಸ್‌ಎಫೆಕ್ಟ್ ಎಲ್ಲಿ ಬಳಸಬೇಕು, ಎಲ್ಲಿ ಬೇಡ ಅಂತ ಗೊತ್ತೇ ಆಗಲ್ಲ

ಹುಕ್ಸ್ ("ಯೂಸ್" ಎಂದು ಶುರುವಾಗುವ ರಿಯಾಕ್ಟ್ ಫಂಕ್ಷನ್‌ಗಳು) ಬಂದಿದ್ದು 2019ರ ಫೆಬ್ರವರಿಯಲ್ಲಿ, ರಿಯಾಕ್ಟ್ 16.8ರ ಜೊತೆ. ಆಗ ಎಲ್ಲರೂ, ರೆಂಡರ್ ಆದ ಮೇಲೆ ಸೈಡ್ ಎಫೆಕ್ಟ್ ಓಡಿಸುವ ಯೂಸ್‌ಎಫೆಕ್ಟ್ ಅನ್ನು ಹಳೇ ಕ್ಲಾಸ್ ಕಾಂಪೊನೆಂಟಿನ "ಮೌಂಟ್ ಆದ ಮೇಲೆ", "ಅಪ್‌ಡೇಟ್ ಆದ ಮೇಲೆ" ಎಂಬ ಮೆಥಡ್‌ಗಳ ಬದಲಿ ಅಂತಲೇ ಕಲಿತರು. ಅದರಿಂದ "ಇದು ಬದಲಾದರೆ ಅದನ್ನು ಮಾಡು" ಅನಿಸಿದಾಗಲೆಲ್ಲ ಎಫೆಕ್ಟ್ ಬರೆಯುವ ಅಭ್ಯಾಸ ಅಂಟಿಕೊಂಡಿತು.

ಬರೆಯುವ ಮೊದಲು ಹೀಗೆ ನೋಡಿ. ಇದು ಬರೀ ಲೆಕ್ಕವಾ? ರೆಂಡರ್‌ನಲ್ಲೇ ಮಾಡಿ. ಬಳಕೆದಾರ ಏನೋ ಒತ್ತಿದ್ದಕ್ಕೆ, ಬರೆದಿದ್ದಕ್ಕೆ ಆಗಬೇಕಾದ ಕೆಲಸವಾ? ಆ ಈವೆಂಟ್ ಹ್ಯಾಂಡ್ಲರ್‌ನಲ್ಲೇ ಮಾಡಿ. ಕಾಂಪೊನೆಂಟ್ ಪರದೆಯ ಮೇಲೆ ಇರುವಷ್ಟು ಹೊತ್ತು ಹೊರಗಿನ ಯಾವುದರ ಜೊತೆಗೋ ಹೊಂದಿಕೊಂಡಿರಬೇಕಾ, ಅಂದರೆ ಚಾಟ್ ರೂಮಿಗೆ ಸೇರಿಕೊಂಡಿರುವುದು, ಮ್ಯಾಪ್ ಲೈಬ್ರರಿಗೆ ಜೂಮ್ ತಿಳಿಸುವುದು, ಸ್ಕ್ರೋಲ್ ಕೇಳಿಸಿಕೊಳ್ಳುವುದು? ಅದಕ್ಕೆ ಎಫೆಕ್ಟ್.

ಎರಡನೆಯದು ಜನರನ್ನು ಜಾಸ್ತಿ ದಾರಿ ತಪ್ಪಿಸುತ್ತದೆ. ಫಾರ್ಮ್ ಸಬ್ಮಿಟ್ ಆದಾಗ ಒಂದು ಬೂಲಿಯನ್ ಆನ್ ಮಾಡಿ, ಅದನ್ನು ಎಫೆಕ್ಟ್‌ನಲ್ಲಿ ನೋಡಿಕೊಂಡು ರಿಕ್ವೆಸ್ಟ್ ಕಳಿಸುವ ಕೋಡ್ ತುಂಬಾ ಸಿಗುತ್ತದೆ. ಯಾಕೆ ಸುತ್ತಿ ಬರುವುದು? ಬಟನ್ ಒತ್ತಿದರು, ಅಲ್ಲೇ ಕಳಿಸಿ. ಎಫೆಕ್ಟ್ ಒಳಗೆ ಕೂತರೆ "ಯಾಕೆ ಆಯಿತು" ಎಂಬ ಮಾಹಿತಿಯೇ ಕಳೆದುಹೋಗಿರುತ್ತದೆ, "ಏನೋ ಬದಲಾಯಿತು" ಎಂಬುದಷ್ಟೇ ಗೊತ್ತಿರುತ್ತದೆ.

ಇನ್ನೊಂದು ತಪ್ಪು ಎಫೆಕ್ಟ್‌ಗಳ ಸರಪಳಿ: ವಿಳಾಸದ ಫಾರ್ಮ್‌ನಲ್ಲಿ ಒಂದು ಎಫೆಕ್ಟ್ ರಾಜ್ಯ ಬದಲಾದಾಗ ಜಿಲ್ಲೆಯನ್ನು ಖಾಲಿ ಮಾಡುತ್ತದೆ, ಇನ್ನೊಂದು ಜಿಲ್ಲೆ ಬದಲಾದಾಗ ಊರನ್ನು ಖಾಲಿ ಮಾಡುತ್ತದೆ. ಪ್ರತಿ ಹಂತಕ್ಕೂ ಒಂದು ಹೆಚ್ಚುವರಿ ರೆಂಡರ್, ಮಧ್ಯೆ ಹೊಸ ರಾಜ್ಯದ ಜೊತೆ ಹಳೇ ಜಿಲ್ಲೆ ಇರುವ ಒಂದು ಕ್ಷಣ. ರಾಜ್ಯ ಆಯ್ಕೆ ಮಾಡುವ ಹ್ಯಾಂಡ್ಲರ್‌ನಲ್ಲೇ ಮೂರನ್ನೂ ಸೆಟ್ ಮಾಡಿದರೆ ಒಂದೇ ರೆಂಡರ್‌ನಲ್ಲಿ ಮುಗಿಯುತ್ತದೆ.

ಬೇರೆ ಬಳಕೆದಾರನ ಪ್ರೊಫೈಲ್‌ಗೆ ಹೋದಾಗ ಫಾರ್ಮ್ ಪೂರ್ತಿ ಹೊಸದಾಗಬೇಕಾ? ಅದಕ್ಕೂ ಎಫೆಕ್ಟ್ ಬೇಡ, ಕಾಂಪೊನೆಂಟಿಗೆ ಬಳಕೆದಾರನ ಐಡಿಯನ್ನೇ ಕೀ ಆಗಿ ಕೊಡಿ, ಕೀ ಬದಲಾದರೆ ರಿಯಾಕ್ಟ್ ಅದನ್ನು ಹೊಸದಾಗಿ ಕಟ್ಟುತ್ತದೆ.

ಡೆವಲಪ್‌ಮೆಂಟ್‌ನಲ್ಲಿ ಎಫೆಕ್ಟ್ ಎರಡೆರಡು ಸಲ ಓಡುತ್ತೆ. ಸ್ಟ್ರಿಕ್ಟ್ ಮೋಡ್ ತೆಗೆದೆ, ಸರಿಹೋಯ್ತು. ಹಾಗೇ ಬಿಡ್ಲಾ?

ಬಿಡಬೇಡಿ, ವಾಪಸ್ ಹಾಕಿ. 2022ರ ರಿಯಾಕ್ಟ್ 18ರಿಂದ ಸ್ಟ್ರಿಕ್ಟ್ ಮೋಡ್ ಬೇಕಂತಲೇ ಹೀಗೆ ಮಾಡುತ್ತದೆ: ಎಫೆಕ್ಟ್ ಓಡಿಸಿ, ಕ್ಲೀನಪ್ (ಎಫೆಕ್ಟ್ ಹಚ್ಚಿದ್ದನ್ನು ತೆಗೆಯುವ ಕೆಲಸ) ಮಾಡಿ, ಮತ್ತೆ ಓಡಿಸುತ್ತದೆ. ಪ್ರೊಡಕ್ಷನ್‌ನಲ್ಲಿ ಇದು ನಡೆಯುವುದಿಲ್ಲ. ಬಳಕೆದಾರ ಬೇರೆ ಪುಟಕ್ಕೆ ಹೋಗಿ ವಾಪಸ್ ಬಂದರೆ ಏನಾಗುತ್ತದೆ ಎಂಬುದರ ಪರೀಕ್ಷೆ ಇದು. ಎರಡು ಸಲ ಓಡಿದಾಗ ನಿಮ್ಮ ಆ್ಯಪ್ ಮುರಿದರೆ ಕ್ಲೀನಪ್ ಇಲ್ಲ ಎಂದರ್ಥ: ಲಿಸನರ್ ತೆಗೆದಿಲ್ಲ, ಟೈಮರ್ ನಿಲ್ಲಿಸಿಲ್ಲ, ಸಾಕೆಟ್ ಮುಚ್ಚಿಲ್ಲ.

ರೆಫ್ ಒಂದನ್ನು ಇಟ್ಟು "ಈಗಾಗಲೇ ಓಡಿದೆ" ಅಂತ ಗುರುತು ಹಾಕಿ ಎರಡನೇ ಸಲವನ್ನು ತಡೆಯುವುದು ಕೂಡ ಪರಿಹಾರವಲ್ಲ. ಸದ್ದು ನಿಲ್ಲುತ್ತದೆ, ಸೋರಿಕೆ ಹಾಗೇ ಇರುತ್ತದೆ. ಇಡೀ ಆ್ಯಪ್‌ಗೆ ಒಂದೇ ಸಲ ಆಗಬೇಕಾದ ಕೆಲಸವಿದ್ದರೆ ಅದನ್ನು ಕಾಂಪೊನೆಂಟಿನ ಹೊರಗೆ, ಆ್ಯಪ್ ಶುರುವಾಗುವ ಫೈಲಿನಲ್ಲಿ ಇಡಿ.

ಡಿಪೆಂಡೆನ್ಸಿ ಲಿಸ್ಟ್ ಪೂರ್ತಿ ಕೊಟ್ರೆ ಲೂಪ್ ಆಗುತ್ತೆ, ಕೊಡದಿದ್ರೆ ಲಿಂಟರ್ ಬೈಯುತ್ತೆ. ಲಿಂಟರ್ ಬಾಯಿ ಮುಚ್ಚಿಸಬಹುದಾ?

ಡಿಪೆಂಡೆನ್ಸಿ ಲಿಸ್ಟ್ ಅಂದರೆ ಯಾವುದು ಬದಲಾದರೆ ಎಫೆಕ್ಟ್ ಮತ್ತೆ ಓಡಬೇಕು ಎಂಬ ಪಟ್ಟಿ, ಲಿಂಟರ್ ಅಂದರೆ ಕೋಡ್‌ನ ತಪ್ಪು ತೋರಿಸುವ ಸಾಧನ. ಅದರ ಬಾಯಿ ಮುಚ್ಚಿಸಿದರೆ ಮುಂದಿನ ಬಗ್ ಸದ್ದಿಲ್ಲದೆ ಬರುತ್ತದೆ. ಲೂಪ್ ಆಗುವುದಕ್ಕೆ ಸಾಮಾನ್ಯ ಕಾರಣ, ಕಾಂಪೊನೆಂಟ್ ಒಳಗೆ ಹುಟ್ಟಿದ ಆಬ್ಜೆಕ್ಟ್ ಅಥವಾ ಫಂಕ್ಷನ್ ಡಿಪೆಂಡೆನ್ಸಿ ಆಗಿರುವುದು. ಪ್ರತಿ ರೆಂಡರ್‌ಗೂ ಅದು ಹೊಸದು, ಆದ್ದರಿಂದ ಪ್ರತಿ ಸಲವೂ ಎಫೆಕ್ಟ್ ಓಡುತ್ತದೆ, ಅದು ಸ್ಟೇಟ್ ಸೆಟ್ ಮಾಡುತ್ತದೆ, ಮತ್ತೆ ರೆಂಡರ್. ಆ ಆಬ್ಜೆಕ್ಟನ್ನು ಎಫೆಕ್ಟ್ ಒಳಗೇ ಕಟ್ಟಿ, ಅದರೊಳಗಿನ ನಂಬರ್ ಅಥವಾ ಸ್ಟ್ರಿಂಗ್ ಮಾತ್ರ ಲಿಸ್ಟಿಗೆ ಬರಲಿ. ಯಾವುದನ್ನೂ ಅವಲಂಬಿಸದ ಫಂಕ್ಷನ್ ಆದರೆ ಕಾಂಪೊನೆಂಟಿನಿಂದ ಹೊರಗೆ ಎತ್ತಿಡಿ.

ಕೆಲವೊಮ್ಮೆ ಒಂದು ವ್ಯಾಲ್ಯೂವನ್ನು ಓದಬೇಕು, ಆದರೆ ಅದು ಬದಲಾದಾಗ ಎಫೆಕ್ಟ್ ಮತ್ತೆ ಓಡಬಾರದು. ಥೀಮ್ ಬದಲಿಸಿದ್ದಕ್ಕೆಲ್ಲ ಚಾಟ್ ಕನೆಕ್ಷನ್ ಕಿತ್ತುಕೊಂಡು ಮತ್ತೆ ಸೇರುವುದು ಬೇಡ, ಅಲ್ವಾ? ಇದಕ್ಕೇ ರಿಯಾಕ್ಟ್ 19.2ರಲ್ಲಿ ಯೂಸ್‌ಎಫೆಕ್ಟ್‌ಈವೆಂಟ್ ಬಂದಿದೆ. ವ್ಯೂನ ವಾಚ್‌ಎಫೆಕ್ಟ್ ಬಳಸುವವರಿಗೆ ಲಿಸ್ಟ್ ಬರೆಯುವ ಕೆಲಸವೇ ಇಲ್ಲ, ಓದಿದ್ದನ್ನೆಲ್ಲ ಅದು ತಾನೇ ಗುರುತಿಟ್ಟುಕೊಳ್ಳುತ್ತದೆ. ಒಂದೇ ಎಚ್ಚರ, ಅವೇಟ್ ಆದ ಮೇಲೆ ಓದಿದ್ದನ್ನು ಅದು ಗಮನಿಸುವುದಿಲ್ಲ.

ಸೆಟ್‌ಇಂಟರ್ವಲ್ ಒಳಗೆ ಕೌಂಟ್ ಯಾವಾಗ್ಲೂ 0 ಅಂತಲೇ ಬರ್ತಿದೆ

ಖಾಲಿ ಡಿಪೆಂಡೆನ್ಸಿ ಲಿಸ್ಟ್ ಕೊಟ್ಟಿದ್ದೀರಿ. ಇಂಟರ್ವಲ್‌ಗೆ ಕೊಟ್ಟ ಫಂಕ್ಷನ್ ಮೊದಲ ರೆಂಡರ್‌ನಲ್ಲಿ ಹುಟ್ಟಿತು, ಆಗಿನ ಕೌಂಟ್ ಅದರ ಜೊತೆ ಅಂಟಿಕೊಂಡಿತು. ಸ್ಟೇಲ್ ಕ್ಲೋಷರ್ ಅನ್ನುವುದು ಇದಕ್ಕೇ. ಇಲ್ಲಿ ಸೆಟ್ ಮಾಡುವಾಗ ಹಳೇ ವ್ಯಾಲ್ಯೂ ತೆಗೆದುಕೊಳ್ಳುವ ಫಂಕ್ಷನ್ ರೂಪ ಬಳಸಿದರೆ ಕೌಂಟ್ ಓದುವ ಅಗತ್ಯವೇ ಬೀಳುವುದಿಲ್ಲ.

ಸರ್ಚ್ ಬಾಕ್ಸ್‌ನಲ್ಲಿ ಬೇಗ ಬೇಗ ಟೈಪ್ ಮಾಡಿದ್ರೆ ಕೆಲವು ಸಲ ಹಳೇ ಪದದ ಫಲಿತಾಂಶ ಕಾಣುತ್ತೆ, ಯಾಕೆ?

ರಿಕ್ವೆಸ್ಟ್ ಹೋದ ಕ್ರಮದಲ್ಲೇ ಉತ್ತರ ಬರುತ್ತದೆ ಎಂಬ ಭರವಸೆ ಇಲ್ಲ. "ಮಳೆ" ಎಂಬುದರ ಉತ್ತರ ತಡವಾಯಿತು, ಆಮೇಲೆ ಟೈಪ್ ಮಾಡಿದ "ಮಳೆಗಾಲ" ಎಂಬುದರ ಉತ್ತರ ಬೇಗ ಬಂತು. ಕೊನೆಗೆ ತಲುಪಿದ್ದೇ ಪರದೆಯ ಮೇಲೆ ಉಳಿಯಿತು. ಇದು ರೇಸ್ ಕಂಡಿಷನ್. ಇದರ ಕೆಟ್ಟ ಗುಣ ಏನೆಂದರೆ ನಿಮ್ಮ ವೇಗದ ನೆಟ್‌ವರ್ಕ್‌ನಲ್ಲಿ ಇದು ಕಾಣಿಸುವುದೇ ಇಲ್ಲ. ಬ್ರೌಸರ್‌ನ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ನಿಧಾನ ಮಾಡಿ ನೋಡಿ.

ತುಂಬಾ ಜನ ಡಿಬೌನ್ಸ್ (ಟೈಪ್ ನಿಂತ ಮೇಲೆ ಸ್ವಲ್ಪ ಕಾದು ಕಳಿಸುವುದು) ಹಾಕಿ ಕೈತೊಳೆದುಕೊಳ್ಳುತ್ತಾರೆ. ಡಿಬೌನ್ಸ್ ರಿಕ್ವೆಸ್ಟ್‌ಗಳನ್ನು ಕಡಿಮೆ ಮಾಡುತ್ತದೆ ಅಷ್ಟೇ, 300 ಮಿಲಿಸೆಕೆಂಡ್ ಬಿಟ್ಟು ಹೋದ ಎರಡು ರಿಕ್ವೆಸ್ಟ್‌ಗಳೂ ಅದಲುಬದಲಾಗಿ ಬರಬಹುದು. ಸರಿಯಾದ ದಾರಿ, ಎಫೆಕ್ಟ್‌ನಲ್ಲಿ ಅಬಾರ್ಟ್‌ಕಂಟ್ರೋಲರ್ (ರಿಕ್ವೆಸ್ಟ್ ರದ್ದು ಮಾಡುವ ಸಾಧನ) ಮಾಡಿ ಅದರ ಸಿಗ್ನಲ್ ಅನ್ನು ಫೆಚ್‌ಗೆ (ರಿಕ್ವೆಸ್ಟ್ ಕಳಿಸುವ ಫಂಕ್ಷನ್‌ಗೆ) ಕೊಟ್ಟು, ಕ್ಲೀನಪ್‌ನಲ್ಲಿ ಅಬಾರ್ಟ್ ಮಾಡುವುದು. ರದ್ದು ಮಾಡಲು ಬರದ ಲೈಬ್ರರಿ ಆದರೆ ಕ್ಲೀನಪ್‌ನಲ್ಲಿ ಒಂದು ಬೂಲಿಯನ್ ಬದಲಿಸಿ, ಉತ್ತರ ಬಂದಾಗ ಅದನ್ನು ನೋಡಿ ಬಿಸಾಡಿ. ಅಬಾರ್ಟ್ ಆದಾಗ ಫೆಚ್ ಎರರ್ ಎಸೆಯುತ್ತದೆ, ಅದರ ಹೆಸರು ಅಬಾರ್ಟ್‌ಎರರ್. ಅದನ್ನು ಬಳಕೆದಾರನಿಗೆ ಕೆಂಪು ಅಕ್ಷರದಲ್ಲಿ ತೋರಿಸಬೇಡಿ.

ಅಬಾರ್ಟ್ ಮಾಡಿದರೆ ಸರ್ವರ್‌ನಲ್ಲಿ ಕೆಲಸ ನಿಂತುಬಿಡುತ್ತದೆ ಅಂದುಕೊಳ್ಳಬೇಡಿ. ಓದುವ ರಿಕ್ವೆಸ್ಟ್‌ಗೆ ಇದು ಸಾಕು, ಬರೆಯುವ ರಿಕ್ವೆಸ್ಟ್‌ಗೆ ಸಾಲದು.

## ಸರ್ವರ್‌ನಿಂದ ಬರುವ ಡೇಟಾ

ಎಪಿಐನಿಂದ ಬಂದ ಡೇಟಾ ಎಲ್ಲಾ ಸ್ಟೋರ್‌ನಲ್ಲೇ ಇಡ್ತೀವಿ, ತಪ್ಪಾ?

ತಪ್ಪು ಅನ್ನುವುದಕ್ಕಿಂತ ದುಬಾರಿ. ಸರ್ವರ್ ಡೇಟಾದ ಮಾಲೀಕರು ನೀವಲ್ಲ, ನಿಮ್ಮ ಹತ್ತಿರ ಇರುವುದು ಒಂದು ಹೊತ್ತಿನ ಕಾಪಿ. ಅದು ಹಳಸುತ್ತದೆ. ಯಾವಾಗ ಮತ್ತೆ ತರಬೇಕು, ಎರಡು ಕಾಂಪೊನೆಂಟ್ ಒಂದೇ ಡೇಟಾ ಕೇಳಿದರೆ ಒಂದೇ ರಿಕ್ವೆಸ್ಟ್ ಹೋಗುವ ಹಾಗೆ ಮಾಡುವುದು ಹೇಗೆ, ಯಾರೂ ನೋಡದ್ದನ್ನು ಯಾವಾಗ ಬಿಸಾಡಬೇಕು, ಫೇಲ್ ಆದರೆ ಎಷ್ಟು ಸಲ ಪ್ರಯತ್ನಿಸಬೇಕು? ಇದು ಕ್ಯಾಶ್‌ನ (ತಂದ ಡೇಟಾವನ್ನು ಕೆಲಕಾಲ ಇಟ್ಟುಕೊಳ್ಳುವ ಜಾಗದ) ಕೆಲಸ. ಸ್ಟೋರ್‌ನಲ್ಲಿ ಕೈಯಾರೆ ಬರೆದರೆ ಪ್ರತಿ ಎಪಿಐಗೂ ಇದನ್ನೇ ಮತ್ತೆ ಬರೆಯುತ್ತಾ ಹೋಗುತ್ತೀರಿ.

ಟ್ಯಾನ್‌ಸ್ಟ್ಯಾಕ್ ಕ್ವೆರಿ, ಎಸ್‌ಡಬ್ಲ್ಯುಆರ್, ರೆಡಕ್ಸ್ ಟೂಲ್‌ಕಿಟ್‌ನ ಆರ್‌ಟಿಕೆ ಕ್ವೆರಿ ಎಂಬ ಲೈಬ್ರರಿಗಳು ಹುಟ್ಟಿಕೊಂಡಿದ್ದು ಈ ಕೆಲಸಕ್ಕೇ. ಎಸ್‌ಡಬ್ಲ್ಯುಆರ್ ಹೆಸರು ಬಂದಿದ್ದು ಎಚ್‌ಟಿಟಿಪಿಯ ಸ್ಟೇಲ್-ವೈಲ್-ರೀವ್ಯಾಲಿಡೇಟ್ ಎಂಬ ಕ್ಯಾಶ್ ನಿಯಮದಿಂದ, ಅದು 2010ರ ಆರ್‌ಎಫ್‌ಸಿ 5861 ಎಂಬ ಇಂಟರ್ನೆಟ್ ದಾಖಲೆಯಲ್ಲಿದೆ: ಮೊದಲು ಹಳೆಯದನ್ನು ತೋರಿಸು, ಹಿಂದೆ ಹೊಸದನ್ನು ತಾ.

ಟ್ಯಾನ್‌ಸ್ಟ್ಯಾಕ್ ಕ್ವೆರಿ ಹಾಕಿದವರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆ, "ಟ್ಯಾಬ್ ಬದಲಿಸಿ ಬಂದ್ರೆ ಮತ್ತೆ ರಿಕ್ವೆಸ್ಟ್ ಹೋಗುತ್ತಲ್ಲ?" ಅದರ ಸ್ಟೇಲ್‌ಟೈಮ್ ಡಿಫಾಲ್ಟ್ ಆಗಿ 0. ಅಂದರೆ ಡೇಟಾ ಬಂದ ಕ್ಷಣದಿಂದಲೇ ಹಳೆಯದು ಎಂದು ಲೆಕ್ಕ, ಅದಕ್ಕೇ ವಿಂಡೋಗೆ ಫೋಕಸ್ ಬಂದಾಗ ಮತ್ತೆ ತರುತ್ತದೆ. ಯಾರೂ ಬಳಸದ ಡೇಟಾ 5 ನಿಮಿಷ ಮೆಮೊರಿಯಲ್ಲಿ ಉಳಿಯುತ್ತದೆ. ಫೇಲ್ ಆದ ಕ್ವೆರಿಯನ್ನು 3 ಸಲ ಮತ್ತೆ ಪ್ರಯತ್ನಿಸುತ್ತದೆ. ಬೈಯುವ ಮೊದಲು ಸ್ಟೇಲ್‌ಟೈಮ್ ಅನ್ನು ನಿಮ್ಮ ಡೇಟಾಗೆ ತಕ್ಕಂತೆ ಹಾಕಿಕೊಳ್ಳಿ, ದೇಶಗಳ ಪಟ್ಟಿಗೆ ಒಂದು ದಿನ ಇಟ್ಟರೂ ನಡೆಯುತ್ತದೆ.

ಸರ್ವರ್ ಡೇಟಾ ಹೊರಗೆ ಹೋದ ಮೇಲೆ ಸ್ಟೋರ್‌ನಲ್ಲಿ ಎಷ್ಟು ಉಳಿಯಿತು ಅಂತ ನೋಡಿ. ತುಂಬಾ ಆ್ಯಪ್‌ಗಳಲ್ಲಿ ಥೀಮ್, ಸೈಡ್‌ಬಾರ್, ಇನ್ನೊಂದೆರಡು ಅಷ್ಟೇ.

ಸರ್ವರ್ 500 ಕೊಟ್ರೂ ಫೆಚ್ ಕ್ಯಾಚ್‌ಗೆ ಬರಲ್ಲ, ಇದೇನು ಬಗ್ಗಾ?

ಬಗ್ ಅಲ್ಲ, ಫೆಚ್ ಇರುವುದೇ ಹಾಗೆ. ನೆಟ್‌ವರ್ಕ್ ಮಟ್ಟದಲ್ಲಿ ಸೋತರೆ, ಅಥವಾ ಅಬಾರ್ಟ್ ಆದರೆ ಮಾತ್ರ ಅದು ರಿಜೆಕ್ಟ್ ಆಗಿ ಕ್ಯಾಚ್‌ಗೆ ಬರುತ್ತದೆ. 404 (ಸಿಗಲಿಲ್ಲ) ಆಗಲಿ 500 (ಸರ್ವರ್‌ನಲ್ಲಿ ಎರರ್) ಆಗಲಿ, ಉತ್ತರ ಬಂತು ಎಂದೇ ಲೆಕ್ಕ. ರೆಸ್ಪಾನ್ಸ್‌ನ ಓಕೆ ಎಂಬ ಪ್ರಾಪರ್ಟಿ ನೋಡಿ, ಫಾಲ್ಸ್ ಇದ್ದರೆ ನೀವೇ ಎರರ್ ಎಸೆಯಿರಿ. ಇದನ್ನು ಒಂದೇ ಕಡೆ, ಒಂದು ಸಣ್ಣ ಫಂಕ್ಷನ್‌ನಲ್ಲಿ ಬರೆದಿಟ್ಟುಕೊಳ್ಳಿ.

ಲೋಡಿಂಗ್, ಎರರ್, ಸಕ್ಸಸ್, ಎಂಪ್ಟಿ ಅಂತ ನಾಲ್ಕು ಬೂಲಿಯನ್ ಆಗಿದೆ. ಕೆಲವು ಸಲ ಸ್ಪಿನ್ನರ್ ಮತ್ತು ಎರರ್ ಎರಡೂ ಕಾಣುತ್ತೆ

ನಾಲ್ಕು ಬೂಲಿಯನ್ ಅಂದರೆ 16 ಸಾಧ್ಯತೆ. ನಿಮಗೆ ಅರ್ಥವಿರುವುದು ನಾಲ್ಕೋ ಐದೋ. ಉಳಿದ ಹನ್ನೊಂದೋ ಹನ್ನೆರಡೋ ಸಾಧ್ಯತೆಗಳು, ಬಗ್‌ಗಳು ಹುಟ್ಟಲು ಕಾದಿರುವ ಜಾಗ. ಬದಲಿಗೆ ಸ್ಟೇಟಸ್ ಅಂತ ಒಂದೇ ಸ್ಟ್ರಿಂಗ್ ಇಡಿ: ಐಡಲ್, ಲೋಡಿಂಗ್, ಸಕ್ಸಸ್, ಎರರ್. ಎರಡು ಒಟ್ಟಿಗೆ ಆಗಲು ಸಾಧ್ಯವೇ ಇಲ್ಲ. ಟೈಪ್‌ಸ್ಕ್ರಿಪ್ಟ್ ಬಳಸುತ್ತಿದ್ದರೆ ಇನ್ನೂ ಒಳ್ಳೆಯದು. ಡಿಸ್ಕ್ರಿಮಿನೇಟೆಡ್ ಯೂನಿಯನ್ ಮಾಡಿ, ಸಕ್ಸಸ್ ಇದ್ದಾಗ ಮಾತ್ರ ಡೇಟಾ, ಎರರ್ ಇದ್ದಾಗ ಮಾತ್ರ ಸಂದೇಶ ಸಿಗುವ ಹಾಗೆ ಕಟ್ಟಬಹುದು.

ಹಂತ ಹಂತವಾಗಿ ಸಾಗುವ ಪೇಮೆಂಟ್, ಫೈಲ್ ಅಪ್‌ಲೋಡ್, ವಿಡಿಯೊ ಕರೆ ಇಂಥವುಗಳಿಗೆ ಸ್ಟೇಟ್ ಮಷೀನ್ (ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬಹುದು ಎಂಬ ನಕ್ಷೆ) ಸರಿಯಾಗಿ ಕೂರುತ್ತದೆ. ಎಕ್ಸ್‌ಸ್ಟೇಟ್ ಲೈಬ್ರರಿ ನಿಂತಿರುವುದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹ್ಯಾರೆಲ್ 1987ರಲ್ಲಿ ಬರೆದ ಸ್ಟೇಟ್‌ಚಾರ್ಟ್ ಕಲ್ಪನೆಯ ಮೇಲೆ. ಆದರೆ ಒಂದು ಡ್ರಾಪ್‌ಡೌನ್‌ಗೆಲ್ಲ ಅದನ್ನು ತರುವುದು ಅತಿಯಾಯಿತು.

ಲೈಕ್ ಒತ್ತಿದ ತಕ್ಷಣ ಕೆಂಪಾಗಬೇಕು, ಸರ್ವರ್‌ಗೆ ಕಾಯಬಾರದು. ಫೇಲ್ ಆದ್ರೆ ಏನು ಮಾಡೋದು?

ಇದು ಆಪ್ಟಿಮಿಸ್ಟಿಕ್ ಅಪ್‌ಡೇಟ್. ಹಳೇ ಸ್ಥಿತಿಯನ್ನು ಉಳಿಸಿಕೊಂಡು, ಹೊಸದನ್ನು ತೋರಿಸಿ, ರಿಕ್ವೆಸ್ಟ್ ಸೋತರೆ ಹಳೆಯದಕ್ಕೆ ವಾಪಸ್ ಹೋಗಿ. ಹೀಗೆ ಹೇಳಿದರೆ ಸುಲಭ. ಬಳಕೆದಾರ ಮೂರು ಸಲ ಪಟಪಟ ಒತ್ತಿದಾಗ ಕಷ್ಟ ಶುರು. ಮೊದಲ ರಿಕ್ವೆಸ್ಟ್ ಸೋತು ವಾಪಸ್ ಹೋಗುವಷ್ಟರಲ್ಲಿ ಮೂರನೆಯದು ಗೆದ್ದಿರುತ್ತದೆ. ಆದ್ದರಿಂದ ಎಲ್ಲ ಮುಗಿದ ಮೇಲೆ ಸರ್ವರ್‌ನಿಂದ ನಿಜವಾದ ಸ್ಥಿತಿಯನ್ನು ಒಮ್ಮೆ ತಂದುಬಿಡಿ. ಹಾರಾಟದಲ್ಲಿರುವ ಹಳೇ ಓದುವ ರಿಕ್ವೆಸ್ಟ್ ಇದ್ದರೆ ಮೊದಲೇ ರದ್ದು ಮಾಡಿ, ಇಲ್ಲವಾದರೆ ಅದು ಬಂದು ನಿಮ್ಮ ಬದಲಾವಣೆಯನ್ನು ಅಳಿಸುತ್ತದೆ. ರಿಯಾಕ್ಟ್ 19ರಲ್ಲಿ ಯೂಸ್‌ಆಪ್ಟಿಮಿಸ್ಟಿಕ್ ಇದೆ, ವಾಪಸ್ ಹೋಗುವ ಭಾಗ ಅದೇ ನೋಡಿಕೊಳ್ಳುತ್ತದೆ.

ಲೈಕ್, ಟಿಕ್ ಮಾರ್ಕ್, ಪಟ್ಟಿಯ ಕ್ರಮ ಇವಕ್ಕೆ ಇದು ಚೆನ್ನ. ಹಣ ಕಳಿಸುವುದಕ್ಕೆ ಬೇಡವೇ ಬೇಡ. ಅಲ್ಲಿ ಬಟನ್ ಆಫ್ ಮಾಡಿ, ಕಾಯಿಸಿ, ಜೊತೆಗೆ ಪ್ರತಿ ಪಾವತಿಗೂ ಒಂದು ಐಡೆಂಪೊಟೆನ್ಸಿ ಕೀ (ಆ ಪಾವತಿಯನ್ನು ಗುರುತಿಸುವ ಐಡಿ) ಕಳಿಸಿ, ಮರುಪ್ರಯತ್ನಕ್ಕೂ ಅದೇ ಕೀ ಇರಲಿ. ಆಗ ಅದೇ ರಿಕ್ವೆಸ್ಟ್ ಎರಡು ಸಲ ತಲುಪಿದರೂ ಸರ್ವರ್ ಒಂದೇ ಸಲ ಕೆಲಸ ಮಾಡುತ್ತದೆ.

ಪುಟ ರಿಫ್ರೆಶ್ ಮಾಡಿದ್ರೆ ಫಿಲ್ಟರ್ ಎಲ್ಲಾ ಹೋಗುತ್ತೆ. ಲೋಕಲ್‌ಸ್ಟೋರೇಜ್‌ನಲ್ಲಿ ಇಡ್ಲಾ?

ಫಿಲ್ಟರ್, ಸಾರ್ಟ್, ಪುಟದ ಸಂಖ್ಯೆ, ತೆರೆದಿರುವ ಟ್ಯಾಬ್ ಇವೆಲ್ಲ ಯುಆರ್‌ಎಲ್‌ಗೆ ಸೇರಿದ್ದು. ಅಲ್ಲಿಟ್ಟರೆ ರಿಫ್ರೆಶ್ ಆದರೂ ಉಳಿಯುತ್ತದೆ, ಬ್ಯಾಕ್ ಬಟನ್ ಕೆಲಸ ಮಾಡುತ್ತದೆ, ಲಿಂಕ್ ಕಳಿಸಿದವರಿಗೂ ಅದೇ ಕಾಣುತ್ತದೆ. ಇಷ್ಟು ಬಿಟ್ಟಿಯಾಗಿ ಕೊಡುವ ಸ್ಟೇಟ್ ಲೈಬ್ರರಿ ಇನ್ನೊಂದಿಲ್ಲ. ಒಂದೇ ಮಾತು, ಯುಆರ್‌ಎಲ್‌ನಲ್ಲಿ ಇಟ್ಟ ಮೇಲೆ ಅದನ್ನೇ ಮತ್ತೆ ಯೂಸ್‌ಸ್ಟೇಟ್‌ಗೆ ಕಾಪಿ ಮಾಡಿ ಎರಡನ್ನೂ ಎಫೆಕ್ಟ್‌ನಿಂದ ಹೊಂದಿಸಲು ಹೋಗಬೇಡಿ, ಯುಆರ್‌ಎಲ್‌ನಿಂದಲೇ ನೇರ ಓದಿ.

ಲೋಕಲ್‌ಸ್ಟೋರೇಜ್ ಥೀಮ್‌ಗೆ, ಅರ್ಧ ಬರೆದ ಡ್ರಾಫ್ಟ್‌ಗೆ ಸರಿ. ಅದರಲ್ಲಿ ಸ್ಟ್ರಿಂಗ್ ಮಾತ್ರ ಹಿಡಿಯುತ್ತದೆ, ಜಾಗ ಸುಮಾರು 5 ಎಂಬಿ, ಓದು-ಬರಹ ಸಿಂಕ್ರೋನಸ್ (ಮುಗಿಯುವವರೆಗೆ ಉಳಿದ ಕೋಡ್ ಕಾಯುತ್ತದೆ). ಬದಲಾವಣೆಯ ಸ್ಟೋರೇಜ್ ಈವೆಂಟ್ ಬೇರೆ ಟ್ಯಾಬ್‌ಗಳಿಗೆ ಮಾತ್ರ ಹೋಗುತ್ತದೆ, ಬದಲಿಸಿದ ಟ್ಯಾಬ್‌ಗೆ ಬರುವುದಿಲ್ಲ. ಇದು ಗೊತ್ತಿಲ್ಲದೆ ತುಂಬಾ ಜನ ಗಂಟೆಗಟ್ಟಲೆ ಹುಡುಕುತ್ತಾರೆ. ಲಾಗಿನ್ ಟೋಕನ್ ಅಲ್ಲಿಡಬೇಡಿ, ಪುಟಕ್ಕೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು. ಬದಲಿಗೆ ಎಚ್‌ಟಿಟಿಪಿಓನ್ಲಿ ಕುಕಿಯಲ್ಲಿಡಿ, ಅದನ್ನು ಸ್ಕ್ರಿಪ್ಟ್ ಓದಲಾರದು.

## ಆ್ಯಪ್ ದೊಡ್ಡದಾದ ಮೇಲೆ

ರೆಡಕ್ಸ್ ಸತ್ತೋಯ್ತು ಅಂತಾರೆ, ನಿಜಾನಾ?

ಇಲ್ಲ. ರೆಡಕ್ಸ್ ಅಂದರೆ ಇಡೀ ಆ್ಯಪ್‌ಗೆ ಒಂದು ಸ್ಟೋರ್ ಕೊಡುವ ಲೈಬ್ರರಿ. ಡ್ಯಾನ್ ಅಬ್ರಮೊವ್ ಮತ್ತು ಆಂಡ್ರ್ಯೂ ಕ್ಲಾರ್ಕ್ 2015ರಲ್ಲಿ ಅದನ್ನು ಬರೆದಾಗ ಹಿಂದೆ ಎಲ್ಮ್ ಭಾಷೆಯ ಪ್ರಭಾವವಿತ್ತು: ಒಂದೇ ಸ್ಟೋರ್, ನೇರವಾಗಿ ಮುಟ್ಟುವಂತಿಲ್ಲ, ಪ್ಯೂರ್ ಫಂಕ್ಷನ್ ಮೂಲಕವೇ ಬದಲಾವಣೆ. ಆ ಕಲ್ಪನೆ ಈಗಲೂ ಗಟ್ಟಿ. ಜನ ಬೇಸತ್ತಿದ್ದು ಒಂದು ಸಣ್ಣ ಬದಲಾವಣೆಗೆ ನಾಲ್ಕು ಫೈಲ್ ತೆರೆಯುವುದಕ್ಕೆ. ಅದನ್ನು ರೆಡಕ್ಸ್ ಟೂಲ್‌ಕಿಟ್ ಬಹಳ ಮಟ್ಟಿಗೆ ಸರಿಮಾಡಿದೆ. ಹಳೇ ಕ್ರಿಯೇಟ್‌ಸ್ಟೋರ್ ಬಳಸುತ್ತಿದ್ದರೆ ಎಡಿಟರ್ ಅದರ ಮೇಲೆ ಗೆರೆ ಎಳೆದು ತೋರಿಸುತ್ತದೆ, ಟೂಲ್‌ಕಿಟ್‌ಗೆ ಬನ್ನಿ ಅಂತ.

ಹಲವು ತಂಡಗಳು ಒಂದೇ ಕೋಡ್ ಮುಟ್ಟುವಾಗ, ಯಾವ ಆ್ಯಕ್ಷನ್‌ನಿಂದ (ಸ್ಟೋರ್‌ಗೆ ಕಳಿಸಿದ ಬದಲಾವಣೆಯ ಕೋರಿಕೆಯಿಂದ) ಏನಾಯಿತು ಅಂತ ಹಿಂದೆ ಹೋಗಿ ನೋಡಬೇಕಾದಾಗ ಅದು ಈಗಲೂ ಒಳ್ಳೆಯ ಆಯ್ಕೆ. ಸಣ್ಣ ಆ್ಯಪ್‌ಗೆ ಜುಸ್ಟಾಂಡ್ ಎಂಬ ಪುಟ್ಟ ಸ್ಟೋರ್ ಲೈಬ್ರರಿ ಸಾಕು, ಅಥವಾ ಏನೂ ಬೇಡ.

ಕಾಂಟೆಕ್ಸ್ಟ್ ಇದ್ಮೇಲೆ ಬೇರೆ ಲೈಬ್ರರಿ ಯಾಕೆ?

ರಿಯಾಕ್ಟ್‌ನ ಕಾಂಟೆಕ್ಸ್ಟ್ ವ್ಯಾಲ್ಯೂವನ್ನು ಕೆಳಗಿನ ಕಾಂಪೊನೆಂಟ್‌ಗಳಿಗೆ ಸಾಗಿಸುತ್ತದೆ ಅಷ್ಟೇ, ನಿರ್ವಹಣೆ ಅದರ ಕೆಲಸವಲ್ಲ. ವ್ಯಾಲ್ಯೂ ಬದಲಾದರೆ ಅದನ್ನು ಓದುವ ಎಲ್ಲಾ ಕಾಂಪೊನೆಂಟ್‌ಗಳೂ ರೆಂಡರ್ ಆಗುತ್ತವೆ, ಒಳಗಿನ ಒಂದು ತುಣುಕು ಮಾತ್ರ ಬೇಕಿದ್ದವೂ ಸೇರಿ. ಥೀಮ್, ಭಾಷೆ, ಲಾಗಿನ್ ಆದವರ ವಿವರ ಅಪರೂಪಕ್ಕೆ ಬದಲಾಗುವಂಥವು, ಅವಕ್ಕೆ ಸರಿ. ಕೀ ಒತ್ತಿದಾಗಲೆಲ್ಲ ಬದಲಾಗುವುದನ್ನು ಅದರಲ್ಲಿ ಹಾಕಿದರೆ ಪುಟ ತೆವಳುತ್ತದೆ. ಸೆಲೆಕ್ಟರ್ (ಬೇಕಾದ ತುಣುಕನ್ನಷ್ಟೇ ಆರಿಸುವ ಫಂಕ್ಷನ್) ಇರುವ ಸ್ಟೋರ್ ಬೇಕಾಗುವುದು ಆಗ.

ಥಂಕ್, ಸಾಗಾ, ಲಿಸನರ್ ಮಿಡಲ್‌ವೇರ್: ಯಾವುದು ಕಲೀಲಿ?

ಮೂರೂ ರೆಡಕ್ಸ್‌ನಲ್ಲಿ ಸೈಡ್ ಎಫೆಕ್ಟ್ ನಡೆಸುವ ದಾರಿಗಳು. ಥಂಕ್ ಟೂಲ್‌ಕಿಟ್‌ನ ಜೊತೆಗೇ ಬರುತ್ತದೆ, ಬರೀ ಒಂದು ಫಂಕ್ಷನ್, ಅಸಿಂಕ್-ಅವೇಟ್ ಬಂದರೆ ಸಾಕು. ಬಹುಪಾಲು ಕೆಲಸ ಅದರಲ್ಲೇ ಮುಗಿಯುತ್ತದೆ. ಸಾಗಾ ಜನರೇಟರ್ ಫಂಕ್ಷನ್ (ನಡುವೆ ನಿಂತು ಮುಂದುವರಿಯಬಲ್ಲ ಫಂಕ್ಷನ್) ಮೇಲೆ ನಿಂತಿದೆ. ಒಂದು ಕೆಲಸ ಮಧ್ಯದಲ್ಲಿ ರದ್ದಾಗಬೇಕು, ಎರಡು ಕೆಲಸಗಳಲ್ಲಿ ಮೊದಲು ಮುಗಿದದ್ದು ಗೆಲ್ಲಬೇಕು, ಇಂಥ ತೊಡಕಿನ ಹರಿವಿಗೆ ಅದು ಬಲಶಾಲಿ. ಆದರೆ ಹೊಸಬರು ಓದಲು ಒದ್ದಾಡುತ್ತಾರೆ. "ಈ ಆ್ಯಕ್ಷನ್ ಬಂದರೆ ಇದನ್ನು ಮಾಡು" ಅನ್ನುವಷ್ಟಕ್ಕೆ ಲಿಸನರ್ ಮಿಡಲ್‌ವೇರ್ ಹಗುರ. ಹೊಸ ಪ್ರಾಜೆಕ್ಟ್‌ನಲ್ಲಿ ನಾನಾದರೆ ಸಾಗಾ ತರುವುದಿಲ್ಲ, ಇರುವ ಕಡೆ ಕಿತ್ತುಹಾಕಲೂ ಹೋಗುವುದಿಲ್ಲ.

ಯಾವುದೇ ಆಗಲಿ, ರೆಡ್ಯೂಸರ್ (ಹಳೇ ಸ್ಟೇಟ್ ಮತ್ತು ಆ್ಯಕ್ಷನ್‌ನಿಂದ ಹೊಸ ಸ್ಟೇಟ್ ಕೊಡುವ ಫಂಕ್ಷನ್) ಒಳಗೆ ರಿಕ್ವೆಸ್ಟ್, ರ‍್ಯಾಂಡಮ್ ಐಡಿ, ಈಗಿನ ಸಮಯ ಬೇಡ. ಅವನ್ನು ಆ್ಯಕ್ಷನ್ ಕಟ್ಟುವಾಗಲೇ ಸೇರಿಸಿ.

ಸಿಗ್ನಲ್ಸ್ ಬಗ್ಗೆ ಎಲ್ಲರೂ ಮಾತಾಡ್ತಿದ್ದಾರೆ, ರಿಯಾಕ್ಟ್ ಬಿಟ್ಟು ಹೋಗಬೇಕಾ?

ಸಿಗ್ನಲ್ ಅಂದರೆ ತನ್ನನ್ನು ಯಾರು ಓದಿದರು ಎಂದು ನೆನಪಿಟ್ಟುಕೊಳ್ಳುವ ವ್ಯಾಲ್ಯೂ. ಬದಲಾದಾಗ ಓದಿದವರಿಗೆ ಮಾತ್ರ ಸುದ್ದಿ ಹೋಗುತ್ತದೆ, ಇಡೀ ಕಾಂಪೊನೆಂಟ್ ಮತ್ತೆ ಓಡಬೇಕಿಲ್ಲ. ಹೊಸದೇನಲ್ಲ, 2010ರ ನಾಕ್‌ಔಟ್ ಲೈಬ್ರರಿಯಲ್ಲೇ ಅಬ್ಸರ್ವಬಲ್ ಹೆಸರಲ್ಲಿ ಇತ್ತು. ಸಾಲಿಡ್ ಎಂಬ ಫ್ರೇಮ್‌ವರ್ಕ್ ಅದನ್ನು ಮತ್ತೆ ಮುನ್ನೆಲೆಗೆ ತಂದಿತು, 2023ರಲ್ಲಿ ಆಂಗ್ಯುಲರ್ 16 ತೆಗೆದುಕೊಂಡಿತು, ಸ್ವೆಲ್ಟ್ 5 ರೂನ್ಸ್ ಅಂತ ತಂದಿತು. ಜಾವಾಸ್ಕ್ರಿಪ್ಟ್ ಭಾಷೆಗೇ ಸೇರಿಸುವ ಪ್ರಸ್ತಾಪ 2024ರಲ್ಲಿ ಆ ಭಾಷೆಯ ನಿಯಮ ಬರೆಯುವ ಸಮಿತಿ ಟಿಸಿ39ರ ಮೊದಲ ಹಂತಕ್ಕೆ ಬಂತು.

ಡಿಪೆಂಡೆನ್ಸಿ ಲಿಸ್ಟಿನ ಕಾಟ ತಪ್ಪುತ್ತದೆ, ನಿಜ. ಆದರೆ ಸಿಗ್ನಲ್‌ನ ಎಫೆಕ್ಟ್ ಒಳಗೆ ಇನ್ನೊಂದು ಸಿಗ್ನಲ್ ಬರೆದು ಸರಪಳಿ ಕಟ್ಟುವವರನ್ನು ಯಾವ ಫ್ರೇಮ್‌ವರ್ಕೂ ತಡೆಯಲಾರದು. ಲೆಕ್ಕ ಹಾಕಬಹುದಾದ್ದಕ್ಕೆ ಕಂಪ್ಯೂಟೆಡ್ ಬಳಸಿ ಎಂಬ ಮಾತು ಅಲ್ಲೂ ಇದೆ. ಇದಕ್ಕಾಗಿ ನಡೆಯುತ್ತಿರುವ ಆ್ಯಪ್ ಬಿಟ್ಟು ಓಡಬೇಡಿ.

ಸರ್ವರ್ ರೆಂಡರಿಂಗ್ ಹಾಕಿದ ಮೇಲೆ ಹೈಡ್ರೇಷನ್ ಎರರ್ ಶುರುವಾಯ್ತು

ಸರ್ವರ್ ಕಳಿಸಿದ ಪುಟಕ್ಕೆ ಬ್ರೌಸರ್‌ನಲ್ಲಿ ಜೀವ ತುಂಬುವುದೇ ಹೈಡ್ರೇಷನ್. ಸರ್ವರ್ ಕಟ್ಟಿದ ಎಚ್‌ಟಿಎಂಎಲ್ ಮತ್ತು ಬ್ರೌಸರ್‌ನ ಮೊದಲ ರೆಂಡರ್ ಎರಡೂ ಒಂದೇ ಇರಬೇಕು. ಈಗಿನ ಸಮಯ, ಮ್ಯಾಥ್ ರ‍್ಯಾಂಡಮ್, ಟೈಮ್‌ಝೋನ್‌ಗೆ ತಕ್ಕ ತಾರೀಕು, "ವಿಂಡೋ ಇದ್ದರೆ ಹೀಗೆ" ಎಂಬ ಇಫ್ ಇವು ಸಾಮಾನ್ಯ ಕಳ್ಳರು. ಲೋಕಲ್‌ಸ್ಟೋರೇಜ್ ಓದಿ ಸ್ಟೇಟ್‌ನ ಮೊದಲ ವ್ಯಾಲ್ಯೂ ಕೊಡುವುದೂ ಅಷ್ಟೇ. ಹೊರಗಿನ ಸ್ಟೋರ್‌ನಿಂದ ಓದುವಾಗ ಯೂಸ್‌ಸಿಂಕ್‌ಎಕ್ಸ್‌ಟರ್ನಲ್‌ಸ್ಟೋರ್ ಬಳಸಿ, ಅದರಲ್ಲಿ ಸರ್ವರ್‌ಗೆ ಬೇರೆ ವ್ಯಾಲ್ಯೂ ಕೊಡುವ ಜಾಗವಿದೆ. ಐಡಿ ಬೇಕಾದರೆ ಯೂಸ್‌ಐಡಿ ಇದೆ.

ಇನ್ನೊಂದು ಅಪಾಯ ಎರರ್ ಕೂಡ ಕೊಡುವುದಿಲ್ಲ. ಸ್ಟೋರ್ ಅನ್ನು ಮಾಡ್ಯೂಲ್ ಮಟ್ಟದಲ್ಲಿ ಒಂದೇ ಮಾಡಿಟ್ಟಿದ್ದರೆ, ಸರ್ವರ್‌ನಲ್ಲಿ ಎಲ್ಲಾ ಬಳಕೆದಾರರಿಗೂ ಅದೇ ಸ್ಟೋರ್. ಒಬ್ಬರ ಡೇಟಾ ಇನ್ನೊಬ್ಬರ ಪುಟದಲ್ಲಿ ಕಾಣಿಸಬಹುದು. ಪ್ರತಿ ರಿಕ್ವೆಸ್ಟ್‌ಗೂ ಹೊಸ ಸ್ಟೋರ್ ಮಾಡಿ.

ಎಫೆಕ್ಟ್ ಇರೋ ಕೋಡ್‌ಗೆ ಟೆಸ್ಟ್ ಬರೆಯೋದು ಹೇಗೆ?

ಎಫೆಕ್ಟ್ ಓಡಿತಾ ಅಂತ ಟೆಸ್ಟ್ ಮಾಡಬೇಡಿ. ಬಳಕೆದಾರ ಇದನ್ನು ಒತ್ತಿದರೆ ಪರದೆಯ ಮೇಲೆ ಏನು ಬರಬೇಕು ಅಂತ ಮಾಡಿ. ಲೆಕ್ಕವನ್ನೆಲ್ಲ ಪ್ಯೂರ್ ಫಂಕ್ಷನ್‌ಗೆ ಎತ್ತಿಟ್ಟಿದ್ದರೆ ಅದಕ್ಕೆ ಮಾಕ್ (ನಕಲಿ ಬದಲಿ) ಬೇಡ, ಬ್ರೌಸರ್ ಬೇಡ. ನೆಟ್‌ವರ್ಕ್‌ಗೆ ಮಾಕ್ ಸರ್ವಿಸ್ ವರ್ಕರ್ ಲೈಬ್ರರಿ ಬಳಸಿ, ಅದು ರಿಕ್ವೆಸ್ಟನ್ನು ನಡುವೆ ಹಿಡಿಯುವುದರಿಂದ ನಿಮ್ಮ ಫೆಚ್ ಕೋಡ್ ಇದ್ದ ಹಾಗೇ ಓಡುತ್ತದೆ. ಎರಡು ಉತ್ತರ ಅದಲುಬದಲಾಗಿ ಬರುವ ಒಂದು ಟೆಸ್ಟನ್ನಂತೂ ಖಂಡಿತ ಬರೆಯಿರಿ.

ಹಳೇ ಕೋಡ್‌ನಲ್ಲಿ ನೂರಾರು ಯೂಸ್‌ಎಫೆಕ್ಟ್ ಇದೆ. ಎಲ್ಲಿಂದ ಶುರು ಮಾಡ್ಲಿ?

ಎಲ್ಲವನ್ನೂ ಒಂದೇ ಸಲ ಮುಟ್ಟಬೇಡಿ, ಲೈಬ್ರರಿ ಬದಲಿಸುವುದರಿಂದಲೂ ಶುರು ಮಾಡಬೇಡಿ. ಮೊದಲು ಒಳಗೆ ಬರೀ ಸ್ಟೇಟ್ ಸೆಟ್ ಮಾಡುವ ಎಫೆಕ್ಟ್‌ಗಳನ್ನು ಹುಡುಕಿ. ಅವು ಹೆಚ್ಚಾಗಿ ಲೆಕ್ಕಗಳೇ, ಆ ಎಫೆಕ್ಟ್ ಮತ್ತು ಆ ಸ್ಟೇಟ್ ಎರಡನ್ನೂ ಅಳಿಸಿ ಒಂದು ಕಾನ್ಸ್ಟ್ ಬರೆದರೆ ಮುಗಿಯಿತು. ಅಪಾಯ ಕಡಿಮೆ, ಲಾಭ ಕೂಡಲೇ ಕಾಣುತ್ತದೆ. ಆಮೇಲೆ ಡೇಟಾ ತರುವ ಎಫೆಕ್ಟ್‌ಗಳು, ಒಂದೊಂದೇ ಪುಟವಾಗಿ ಕ್ವೆರಿ ಲೈಬ್ರರಿಗೆ ಸಾಗಿಸಿ. ಹಳೆಯದೂ ಹೊಸದೂ ಕೆಲಕಾಲ ಜೊತೆಗೇ ಇರಲಿ, ಒಂದೇ ಡೇಟಾ ಎರಡೂ ಕಡೆ ಇರದಂತೆ ನೋಡಿಕೊಂಡರೆ ಸಾಕು. ಆಮೇಲೆ ಬಟನ್ ಒತ್ತಿದ್ದಕ್ಕೆ ಓಡುವವನ್ನು ಹ್ಯಾಂಡ್ಲರ್‌ಗೆ ತನ್ನಿ.

ಉಳಿಯುವುದು ಸಾಕೆಟ್, ಲಿಸನರ್, ಟೈಮರ್, ಹೊರಗಿನ ವಿಡ್ಜೆಟ್. ಅವುಗಳನ್ನು ಒಂದೊಂದು ಹೆಸರಿಟ್ಟ ಕಸ್ಟಮ್ ಹುಕ್‌ಗೆ ಹಾಕಿ, ಪ್ರತಿಯೊಂದಕ್ಕೂ ಕ್ಲೀನಪ್ ಇದೆಯಾ ನೋಡಿ, ಸ್ಟ್ರಿಕ್ಟ್ ಮೋಡ್ ಆನ್ ಮಾಡಿ ಓಡಿಸಿ.